ನಮ್ಮ ಮನೆಯ ಕರೆಂಟು: 24 ಮನೆ, 47 ಬೀಜ
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತಿನ ಬರಹ)



ಕಳೆದ ಪಾಠದಲ್ಲಿ ನಾವು ಕರೆಂಟು ಬಿಲ್ಲು ಓದುವುದನ್ನು ಕಲಿತೆವು. ಬಿಲ್ಲಿನಲ್ಲಿ ಮಲಯಾಳ ಉಂಟು, ಇಂಗ್ಲಿಷ್ ಉಂಟು. ನಾವು ಓದಿದ ಬಿಲ್ಲಿನಲ್ಲಿ ಕನ್ನಡ ಇರಲಿಲ್ಲ. ಆದರೆ ಅಂಕೆಗಳು ಉಂಟಲ್ಲ, ಅವು ಎಲ್ಲರವು. ಹಿಂದಿನ ರೀಡಿಂಗ್ ಎಷ್ಟು, ಈಗಿನ ರೀಡಿಂಗ್ ಎಷ್ಟು, ಕಳೆದರೆ ಎಷ್ಟು ಯೂನಿಟ್, ಇಷ್ಟನ್ನು ನೀವೆಲ್ಲ ಚೆನ್ನಾಗಿ ಓದಿದಿರಿ. ಆಮೇಲೆ ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. "ಎರಡು ತಿಂಗಳಿಗೆ 282 ಯೂನಿಟ್ ಅಂತ ಬರೆದಿದೆ. ಆದರೆ ಅದನ್ನು ತಿಂದದ್ದು ಯಾರು? ಫ್ರಿಜ್ಜಾ, ಫ್ಯಾನಾ, ಮೋಟರಾ?" ಬಿಲ್ಲು ಅದನ್ನು ಹೇಳುವುದಿಲ್ಲ. ಇಂಥವರಿಗೆ ಇಂತಿಷ್ಟು ಬಡಿಸಿದೆ ಅಂತ ಹೇಳದೆ, ಊಟ ಮುಗಿದ ಮೇಲೆ ಒಟ್ಟು ಅಕ್ಕಿಯ ಲೆಕ್ಕ ಮಾತ್ರ ಕೊಟ್ಟ ಹಾಗೆ ಅದು.

ಇನ್ನೊಂದು ವಿಷಯವೂ ಉಂಟು. ಈಗ ಮನೆ ಮನೆಗೆ ಸೋಲಾರ್ ಏಜೆಂಟರು ಬರುತ್ತಿದ್ದಾರೆ. "ಮಾಡಿನ ಮೇಲೆ ಪ್ಯಾನೆಲ್ ಹಾಕಿ, ಬಿಲ್ಲು ಸೊನ್ನೆ" ಎನ್ನುತ್ತಾರೆ. ಸಾಲಕ್ಕೆ ಸಹಿ ಹಾಕಿ ಎಂದೂ ಹೇಳುತ್ತಾರೆ. ನಿಮಗೆ ಈಗ ಸಹಿ ಹಾಕಲು ಬರುತ್ತದೆ. ಹಾಕುವ ಮೊದಲು ಲೆಕ್ಕ ಹಾಕಲು ಬರಬೇಕು. ಅದಕ್ಕೇ ಇವತ್ತಿನ ಮಾತು. ಹೆದರಬೇಡಿ. ನಾನೂ ಬಿ.ಎ. ಓದಿದವಳು, ವಿಜ್ಞಾನ ಓದಿದವಳಲ್ಲ. ಕೂಡಿಸುವುದು, ಗುಣಿಸುವುದು ಬಂದರೆ ಸಾಕು.

ನೆಲದ ಮೇಲೆ ಸೀಮೆಸುಣ್ಣದಲ್ಲಿ 24 ಚೌಕ ಬರೆಯಿರಿ. ಒಂದೊಂದು ಚೌಕ ಒಂದೊಂದು ಗಂಟೆ. ಚೆನ್ನೆಮಣೆಯ ಗುಳಿಗೆ ನಾವು ಮನೆ ಅನ್ನುತ್ತೇವಲ್ಲ, ಇದಕ್ಕೂ ಹಾಗೆಯೇ ಮನೆ ಅನ್ನೋಣ. ಮೊದಲ ಮನೆ ಬೆಳಿಗ್ಗೆ 4ರಿಂದ 5. ಕೊನೆಯ ಮನೆ ರಾತ್ರಿ ಕಳೆದು 3ರಿಂದ 4. ಈಗ ಒಂದು ಮುಷ್ಟಿ ಹುಣಸೆ ಬೀಜ ತೆಗೆದುಕೊಳ್ಳಿ. 10 ಬೀಜ ಅಂದರೆ ಒಂದು ಯೂನಿಟ್. ಒಂದು ಯೂನಿಟ್ ಅಂದರೆ 1000 ವ್ಯಾಟಿನ ವಸ್ತು ಒಂದು ಗಂಟೆ ಓಡುವುದು. ಹಾಗಾದರೆ ಒಂದು ಬೀಜ ಅಂದರೆ? 100 ವ್ಯಾಟಿನ ವಸ್ತು ಒಂದು ಗಂಟೆ ಓಡುವುದು. 50 ವ್ಯಾಟಿನದ್ದಾದರೆ ಎರಡು ಗಂಟೆ.

ವ್ಯಾಟ್ ಎಷ್ಟೆಂದು ವಸ್ತುವಿನ ಹಿಂದೆ ಚೀಟಿಯಲ್ಲಿ ಬರೆದಿರುತ್ತದೆ. ಅಂಕೆಯ ಪಕ್ಕ ಇಂಗ್ಲಿಷಿನ ಡಬ್ಲ್ಯು ಅಕ್ಷರ ಇರುತ್ತದೆ. ಎರಡು ವಿ ಅಕ್ಷರ ಕೈ ಹಿಡಿದು ನಿಂತ ಹಾಗೆ ಕಾಣುತ್ತದೆ, ಅದೇ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬಾವಿಗೆ ಮೋಟರು ಉಂಟು. ತಿಂಗಳು ಏಪ್ರಿಲ್, ಸೆಕೆ ಜೋರು.

ಫ್ರಿಜ್ಜು ದಿನವಿಡೀ ಓಡುತ್ತದೆ, ಆದರೆ ಎಡೆಬಿಡದೆ ಅಲ್ಲ. ಒಮ್ಮೆ ಗುರ್ ಎನ್ನುತ್ತದೆ, ಒಮ್ಮೆ ಸುಮ್ಮನಾಗುತ್ತದೆ. ಸಾಧಾರಣ ಸಣ್ಣ ಫ್ರಿಜ್ಜಿಗೆ ದಿನಕ್ಕೆ ಒಂದು ಯೂನಿಟ್ಟಿನ ಹತ್ತಿರ ಹಿಡಿಯಬಹುದು. ಅಂದರೆ 10 ಬೀಜಕ್ಕೆ ಸ್ವಲ್ಪ ಕಡಿಮೆ, 24 ಮನೆಗಳಿಗೂ ಹಂಚಿ ಹೋಗುತ್ತದೆ.

9 ವ್ಯಾಟಿನ ಎಲ್‌ಇಡಿ ಬಲ್ಬು ನಾಲ್ಕು, ಸಂಜೆ 6ರಿಂದ 10. ಬೆಳಿಗ್ಗೆ ಎರಡು ಬಲ್ಬು ಎರಡು ಗಂಟೆ. ಎಲ್ಲ ಸೇರಿ 2 ಬೀಜವೂ ಪೂರ್ತಿ ಆಗುವುದಿಲ್ಲ. ಹಿಂದೆ 60 ವ್ಯಾಟಿನ ಬಲ್ಬು ಇದ್ದಾಗ ಇದೇ ಬೆಳಕಿಗೆ 12 ಬೀಜ ಬೇಕಿತ್ತು. ಮಕ್ಕಳಿಗೆ "ಲೈಟ್ ಆರಿಸು, ಲೈಟ್ ಆರಿಸು" ಎಂದು ದಿನವಿಡೀ ಬೊಬ್ಬೆ ಹಾಕುತ್ತೇವಲ್ಲ, ಈಗ ಆ ಬೊಬ್ಬೆಯನ್ನು ಫ್ಯಾನಿಗೆ ಬದಲಾಯಿಸಬೇಕು.

ಯಾಕೆಂದರೆ ಫ್ಯಾನು ನೋಡಿ. ಹಳೆಯ ಫ್ಯಾನು 75 ವ್ಯಾಟ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎರಡು ಫ್ಯಾನು, 8 ಗಂಟೆ: 12 ಬೀಜ. ಮಧ್ಯಾಹ್ನ 1ರಿಂದ 4 ಅತ್ತೆಯವರಿಗೆ ಒಂದು: 2 ಬೀಜ ಮತ್ತು ಒಂದು ಚೂರು. ಸಂಜೆ 6ರಿಂದ 10 ಒಂದು: 3 ಬೀಜ. ಒಟ್ಟು 17. ಸದ್ದಿಲ್ಲದೆ ತಲೆಯ ಮೇಲೆ ತಿರುಗುತ್ತಾ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನುವುದು ಅದು.

ಟಿವಿ 50 ವ್ಯಾಟ್, 7ರಿಂದ 10: ಒಂದೂವರೆ ಬೀಜ. ಮಿಕ್ಸಿ 600 ವ್ಯಾಟ್, ಆದರೆ ಬೆಳಿಗ್ಗೆ 20 ನಿಮಿಷ ಮಾತ್ರ: 2 ಬೀಜ. ಇಸ್ತ್ರಿಪೆಟ್ಟಿಗೆ 1000 ವ್ಯಾಟ್, ಸಂಜೆ ಮಕ್ಕಳ ಯೂನಿಫಾರ್ಮಿಗೆ ಅರ್ಧ ಗಂಟೆ: 5 ಬೀಜ. ಒಂದು ಎಚ್‌ಪಿ ಮೋಟರು ಲೈನಿನಿಂದ ಸುಮಾರು 1000 ವ್ಯಾಟ್ ಎಳೆಯುತ್ತದೆ. ಸಂಜೆ ಆರೂವರೆಗೆ ಹಾಕಿ ಒಂದು ಗಂಟೆ: 10 ಬೀಜ.

ಈಗ ಎಲ್ಲವನ್ನೂ ಕೂಡಿಸಿ. 47 ಬೀಜ. ಅಂದರೆ ದಿನಕ್ಕೆ 4.7 ಯೂನಿಟ್. ತಿಂಗಳಿಗೆ 141. ಎರಡು ತಿಂಗಳಿಗೆ 282. ಆ ಅಕ್ಕನ ಬಿಲ್ಲು ಇದೇ ಅಲ್ಲವೇ!

ಒಟ್ಟು ಸಿಕ್ಕಿತು. ಆದರೆ ಈ ಆಟದ ಗುಟ್ಟು ಒಟ್ಟಿನಲ್ಲಿ ಇಲ್ಲ. ಬೀಜ ಯಾವ ಮನೆಯಲ್ಲಿ ಬಿದ್ದಿದೆ ಎಂಬುದರಲ್ಲಿ ಇದೆ. ಸಂಜೆ 6ರಿಂದ 10ರವರೆಗಿನ ನಾಲ್ಕು ಮನೆ ನೋಡಿ. ಮೋಟರು ಅಲ್ಲಿ, ಇಸ್ತ್ರಿ ಅಲ್ಲಿ, ಟಿವಿ ಅಲ್ಲಿ, ಬಲ್ಬು ಅಲ್ಲಿ. 22 ಬೀಜಕ್ಕಿಂತ ಹೆಚ್ಚು. ದಿನದ ಕರೆಂಟಿನಲ್ಲಿ ಅರ್ಧಕ್ಕೆ ಹತ್ತಿರ ಬರೀ ನಾಲ್ಕು ಗಂಟೆಯಲ್ಲಿ! ಬೆಳಿಗ್ಗೆ 7ರಿಂದ ಸಂಜೆ 5ರವರೆಗಿನ ಹತ್ತು ಮನೆಗಳಲ್ಲಿ ಎಷ್ಟು? ಬರೀ 6 ಬೀಜ. ಫ್ರಿಜ್ಜು ಮತ್ತು ಅತ್ತೆಯ ಫ್ಯಾನು.

ನಮ್ಮ ಒಂದು ಮನೆ ಮಾತ್ರ ಹೀಗಲ್ಲ. ಇಡೀ ಕೇರಳದ್ದು ಇದೇ ಕಥೆ. ಸಂಜೆ ಒಂದೇ ಹೊತ್ತಿಗೆ ಎಲ್ಲರೂ ಸ್ವಿಚ್ ಹಾಕುತ್ತೇವೆ. 2024ರ ಮೇ ತಿಂಗಳ ಸೆಕೆಯಲ್ಲಿ ರಾಜ್ಯದ ಬೇಡಿಕೆ ಒಂದು ರಾತ್ರಿ 5,800 ಮೆಗಾವ್ಯಾಟಿನ ಹತ್ತಿರಕ್ಕೆ ಏರಿತು. ಇಡುಕ್ಕಿಯ ದೊಡ್ಡ ವಿದ್ಯುತ್ ಕೇಂದ್ರ, 1976ರಲ್ಲಿ ಶುರುವಾದದ್ದು, ಪೂರ್ತಿ ಓಡಿದರೂ ಕೊಡುವುದು 780 ಮೆಗಾವ್ಯಾಟ್. ಕೇರಳ ತನಗೆ ಬೇಕಾದ ಕರೆಂಟಿನಲ್ಲಿ ಹೆಚ್ಚಿನ ಪಾಲನ್ನು ಹೊರಗಿನಿಂದ ಕೊಳ್ಳುತ್ತದೆ. ಹಗಲು ಬಿಸಿಲಿನ ಕರೆಂಟು ಎಲ್ಲ ಕಡೆಯೂ ಉಂಟು. ಸೂರ್ಯ ಮುಳುಗಿದ ಮೇಲೆ ಎಲ್ಲರಿಗೂ ಬೇಕು, ಮಾರುವವರು ಕಡಿಮೆ, ರೇಟು ಮೇಲೆ. ಹಬ್ಬದ ಹಿಂದಿನ ದಿನದ ಮಲ್ಲಿಗೆ ಹೂವಿನ ಹಾಗೆ.

ನಮ್ಮ ಜಿಲ್ಲೆಯಲ್ಲೇ ಬಿಸಿಲಿನ ಕರೆಂಟು ಎಷ್ಟು ಆಗುತ್ತದೆ ಗೊತ್ತುಂಟಾ? ಕಾಞಂಗಾಡಿನ ಹತ್ತಿರ ಅಂಬಲತ್ತರದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕು ಉಂಟು. ಈಚೆ ಪೈವಳಿಕೆ, ಮೀಂಜ, ಚಿಪ್ಪಾರಿನಲ್ಲಿ ಇನ್ನೊಂದು 50 ಮೆಗಾವ್ಯಾಟಿನದ್ದು, 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಪಾರೆಯ ಮೇಲೆ ಸಾಲು ಸಾಲು ಕಪ್ಪು ಹಲಗೆ ನೀವು ನೋಡಿರುತ್ತೀರಿ. ಅಲ್ಲಿ ದೊಡ್ಡದಾಗಿ ಆಗುವುದೇ ಮಾಡಿನ ಮೇಲೆ ಸಣ್ಣದಾಗಿ ಆಗುವುದು.

ಈಗ ನಮ್ಮ ಮನೆಯ ಮಾಡಿನ ಮೇಲೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಹಾಕಿದೆವು ಅಂತ ಇಟ್ಟುಕೊಳ್ಳೋಣ. ಸುಮಾರು 100 ಚದರ ಅಡಿ ಜಾಗ ಬೇಕು, ನೆರಳು ಇರಬಾರದು. ತೆಂಗಿನ ಗರಿಯ ನೆರಳು ಒಂದು ಹಲಗೆಯ ಒಂದು ಮೂಲೆಗೆ ಬಿದ್ದರೂ ನಷ್ಟ ಆ ಮೂಲೆಯಷ್ಟೇ ಅಲ್ಲ. ಸರದಲ್ಲಿ ಜೋಡಿಸಿದ ಉಳಿದ ಹಲಗೆಗಳ ಕರೆಂಟೂ ಕುಗ್ಗುತ್ತದೆ. ತೋಟದ ನಡುವೆ ಮನೆ ಇರುವವರು ಇದನ್ನು ಮೊದಲು ನೋಡಬೇಕು. ಏಜೆಂಟು ಬೆಳಿಗ್ಗೆ ಹತ್ತಕ್ಕೆ ಬಂದು ಮಾಡು ನೋಡಿ ಹೋದರೆ ಸಾಲದು. ಮೂರು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆಂದು ನೀವೇ ನೋಡಿ.

ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವ್ಯಾಟಿಗೆ 4 ಯೂನಿಟ್ ಹಿಡಿಯೋಣ. 40 ಬೀಜ. ಇದಕ್ಕೆ ಚೆನ್ನೆಮಣೆಯ ಕೆಂಪು ಬೀಜ ಇಡೋಣ. ಬೆಳಿಗ್ಗೆ 7ರ ಮನೆಗೆ 1. 8ಕ್ಕೆ 3. 9ಕ್ಕೆ 4. 10ಕ್ಕೆ 5. 11, 12, 1 ಈ ಮೂರು ಮನೆಗೂ 6, 6, 6. 2ಕ್ಕೆ 4, 3ಕ್ಕೆ 3, 4ಕ್ಕೆ 2. ಸಂಜೆ 6ರ ಮನೆಗೆ? ಸೊನ್ನೆ.

ನೋಡಿದಿರಾ? ಕೆಂಪು ಬೀಜ ಹಗಲಲ್ಲಿ ರಾಶಿ, ಹುಣಸೆ ಬೀಜ ರಾತ್ರಿಯಲ್ಲಿ ರಾಶಿ. ಎರಡಕ್ಕೂ ಭೇಟಿಯೇ ಇಲ್ಲ. ಹಗಲು ಮನೆ ತಿನ್ನುವುದು 6. ಉಳಿದ 34 ತಂತಿಯಲ್ಲಿ ಹೊರಗೆ ಹೋಗುತ್ತದೆ. ಸಂಜೆ ಅದೇ ತಂತಿಯಿಂದ ಬೇರೆ ಕರೆಂಟು ಒಳಗೆ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಎರಡನ್ನೂ ಬರೆದಿಡುವ ಮೀಟರಿಗೆ ನೆಟ್ ಮೀಟರ್ ಎನ್ನುತ್ತಾರೆ. ಹೋದದ್ದನ್ನು ಬಂದದ್ದರಿಂದ ಹೇಗೆ ಕಳೆಯುತ್ತಾರೆ, ಉಳಿದದ್ದಕ್ಕೆ ಎಷ್ಟು ದರ ಕೊಡುತ್ತಾರೆ, ಇದರ ನಿಯಮ ಆಗಾಗ ಬದಲಾಗುತ್ತದೆ. ನೀವು ಅರ್ಜಿ ಹಾಕುವ ದಿನದ ನಿಯಮ ಯಾವುದೆಂದು ಸೆಕ್ಷನ್ ಆಫೀಸಿಗೆ ಹೋಗಿ ಕೇಳಿ. ಕನ್ನಡದಲ್ಲಿ ಬರೆದ ಅರ್ಜಿಯೂ ಆಗುತ್ತದೆಯೇ ಎಂದು ಅದೇ ಹೊತ್ತಿಗೆ ಕೇಳಿಬಿಡಿ.

ಇಲ್ಲಿ ತುಂಬ ಜನ ತಪ್ಪು ತಿಳಿದುಕೊಳ್ಳುವ ಒಂದು ಮಾತು ಹೇಳಬೇಕು. ಬ್ಯಾಟರಿ ಇಲ್ಲದ ಇಂಥ ಸೋಲಾರ್ ಇದ್ದರೆ, ಲೈನಿನಲ್ಲಿ ಕರೆಂಟು ಹೋದಾಗ ನಿಮ್ಮ ಮನೆಯಲ್ಲೂ ಹೋಗುತ್ತದೆ. ನಡು ಮಧ್ಯಾಹ್ನ, ಸುಡುವ ಬಿಸಿಲು, ಮಾಡಿನ ಮೇಲೆ ಪ್ಯಾನೆಲ್, ಆದರೂ ಫ್ಯಾನು ನಿಂತಿರುತ್ತದೆ! ಪ್ಯಾನೆಲ್ ಕೆಟ್ಟದ್ದಲ್ಲ. ಹಾಗೆಯೇ ಮಾಡಿದ್ದಾರೆ. ಮರ ಬಿದ್ದು ತಂತಿ ಕಡಿದಿದೆ ಅಂತ ಇಟ್ಟುಕೊಳ್ಳಿ. ಲೈನ್‌ಮ್ಯಾನ್ ಕರೆಂಟು ಆಫ್ ಮಾಡಿ ಕಂಬ ಹತ್ತಿದ್ದಾನೆ. ಆಗ ನಮ್ಮ ಮಾಡಿನ ಕರೆಂಟು ತಂತಿಗೆ ಹೋದರೆ ಅವನ ಜೀವ ಹೋಗುತ್ತದೆ. ಅದಕ್ಕೆ ಲೈನು ಸತ್ತ ಕೂಡಲೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟು ಹೋದಾಗಲೂ ದೀಪ ಬೇಕು ಎಂದರೆ ಬ್ಯಾಟರಿ ಬೇಕು, ಅದರ ಖರ್ಚು ಬೇರೆ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚೂ ಬೇರೆ.

ಸರಿ, ಈಗ ಬೀಜ ಸರಿಸುವ ಆಟ. ಸಂಜೆಯ ಮೋಟರನ್ನು ಬೆಳಿಗ್ಗೆ 11ರ ಮನೆಗೆ ಸರಿಸಿ. ಇಸ್ತ್ರಿಯನ್ನು 12ರ ಮನೆಗೆ ಸರಿಸಿ. ಏನಾಯಿತು? ಸಂಜೆಯ 22 ಬೀಜ ಬರೀ 7 ಬೀಜಕ್ಕೆ ಇಳಿಯಿತು. ಹಗಲು ನಮ್ಮ ಕೆಂಪು ಬೀಜದಲ್ಲಿ ನಾವೇ ಬಳಸುವುದು 6ರಿಂದ 17ಕ್ಕೆ ಏರಿತು. ಒಟ್ಟು ಮಾತ್ರ ಅದೇ 47. ಸರಿಸುವುದು ಬೇರೆ, ಉಳಿಸುವುದು ಬೇರೆ. ಇದನ್ನು ಗಟ್ಟಿಯಾಗಿ ನೆನಪಿಡಿ, ಏಕೆಂದರೆ ಎರಡನ್ನೂ ಕಲಸಿ ಮಾತಾಡುವವರು ಬಹಳ.

ಇನ್ನೊಂದು ಸೂಕ್ಷ್ಮ. ಇಸ್ತ್ರಿಪೆಟ್ಟಿಗೆಗೆ 5 ಬೀಜ, ಪ್ಯಾನೆಲಿನಿಂದ 6 ಬೀಜ, ಹಾಗಾದರೆ ಇಸ್ತ್ರಿ ಪೂರ್ತಿ ಬಿಸಿಲಿನದ್ದೇ ಎಂದು ನಮ್ಮ ಚೌಕ ಹೇಳುತ್ತದೆ. ಆದರೆ ಇಸ್ತ್ರಿ ಒಂದು ಗಂಟೆ ಮೆಲ್ಲಗೆ ತಿನ್ನುವುದಿಲ್ಲ. ಅರ್ಧ ಗಂಟೆಯಲ್ಲಿ ಗಬಗಬನೆ ತಿಂದು ಮುಗಿಸುತ್ತದೆ. ಅದು 1000 ವ್ಯಾಟ್ ಕೇಳುವಾಗ ಪ್ಯಾನೆಲ್ ಕೊಡುವುದು 600. ಉಳಿದ 400 ಲೈನಿನಿಂದಲೇ ಬರಬೇಕು. ಆಮೇಲಿನ ಅರ್ಧ ಗಂಟೆ ಪ್ಯಾನೆಲಿನದ್ದು ಹೊರಗೆ ಹೋಗುತ್ತದೆ. ಹಾಗಾಗಿ ನಿಜವಾಗಿ ನಾವು ಬಳಸುವುದು 17 ಅಲ್ಲ, 15ರ ಹತ್ತಿರ. ಗಂಟೆಯ ಚೌಕವನ್ನು ನಿಮಿಷದ ಚೌಕ ಮಾಡಿದರೆ ಲೆಕ್ಕ ಹೆಚ್ಚು ಸರಿ ಆಗುತ್ತದೆ. ಆದರೆ ದಿನಕ್ಕೆ 1,440 ನಿಮಿಷ. ಅಷ್ಟು ಚೌಕ ಬರೆಯಲು ನಮ್ಮ ಕೇಂದ್ರದ ನೆಲ ಸಾಲದು.

ಆ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿದವರು ಉಂಟು. ಇಂಗ್ಲೆಂಡಿನಲ್ಲಿ ಲಫ್‌ಬರೋ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ರಿಚರ್ಡ್‌ಸನ್, ಥಾಮ್ಸನ್ ಮುಂತಾದವರು ಇಂಥ ಲೆಕ್ಕ ಮಾಡಿ 2010ರಲ್ಲಿ ಪ್ರಕಟಿಸಿದರು. ಅವರು 22 ಮನೆಗಳ ಕರೆಂಟನ್ನು ನಿಮಿಷ ನಿಮಿಷಕ್ಕೂ ಅಳೆದು ನೋಡಿದರು. ನಮಗೆ ಮುಖ್ಯವಾದ ಮಾತು ಬೇರೆ. ಅವರ ಲೆಕ್ಕ ಶುರುವಾಗುವುದು ಯಂತ್ರದಿಂದ ಅಲ್ಲ, ಮನುಷ್ಯರಿಂದ. ಈ ಹೊತ್ತಿನಲ್ಲಿ ಮನೆಯಲ್ಲಿ ಎಷ್ಟು ಜನ ಎಚ್ಚರವಾಗಿದ್ದಾರೆ? ಎಚ್ಚರವಿದ್ದವರು ಅಡುಗೆ ಮಾಡುತ್ತಿದ್ದಾರೋ, ಬಟ್ಟೆ ಒಗೆಯುತ್ತಿದ್ದಾರೋ, ಟಿವಿ ನೋಡುತ್ತಿದ್ದಾರೋ? ಜನ ತಮ್ಮ ದಿನವನ್ನು ಹೇಗೆ ಕಳೆದೆವೆಂದು ಬರೆದುಕೊಟ್ಟ ದಿನಚರಿಗಳನ್ನು ಇಟ್ಟುಕೊಂಡು ಇದನ್ನು ಅಂದಾಜು ಮಾಡಿದರು. ಆಮೇಲೆ ದಾಳ ಹಾಕಿದ ಹಾಗೆ, ಈ ನಿಮಿಷ ಮಿಕ್ಸಿ ಓಡೀತೋ ಇಲ್ಲವೋ ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ.

ನಮ್ಮ ದೇಶದಲ್ಲೂ ಸರ್ಕಾರ 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಜನರ ಹೊತ್ತಿನ ಲೆಕ್ಕ ತೆಗೆಯಿತು. ಬೆಳಿಗ್ಗೆ 4ರಿಂದ ಮರುದಿನ ಬೆಳಿಗ್ಗೆ 4ರವರೆಗೆ ಏನೇನು ಮಾಡಿದಿರಿ ಎಂದು ಕೇಳುತ್ತಾರೆ. ನಾವು ಮೊದಲ ಮನೆಯನ್ನು 4 ಗಂಟೆಗೆ ಶುರು ಮಾಡಿದ್ದು ಅದಕ್ಕೇ. ಹೇಳಿ ನೋಡುವ, ನಿಮ್ಮ ಮನೆಯಲ್ಲಿ ಈ 24 ಮನೆಗಳನ್ನು ಸರಿಯಾಗಿ ತುಂಬಲು ಯಾರಿಗೆ ಬರುತ್ತದೆ? ಅಣ್ಣಂದಿರು ಬೇಜಾರು ಮಾಡಬಾರದು. ನಿಮಗೆ ಬಿಲ್ಲು ಕಟ್ಟಿದ ಮೊತ್ತ ಗೊತ್ತಿರುತ್ತದೆ. ಮಿಕ್ಸಿ ಎಷ್ಟು ಹೊತ್ತಿಗೆ ತಿರುಗಿತು ಎಂದು ಕೇಳಿದರೆ ಅಡುಗೆಮನೆಯ ಕಡೆ ನೋಡುತ್ತೀರಿ. ಪ್ಯಾನೆಲ್ ಮಾರುವವರು ಜಗಲಿಯಲ್ಲಿ ಕೂತು ಅಣ್ಣನ ಹತ್ತಿರ ಮಾತ್ರ ಮಾತಾಡಿ ಹೋಗುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

"ಟೀಚರ್, ಹಗಲು ನಾನು ಕೆಲಸಕ್ಕೆ ಹೋಗುತ್ತೇನೆ. 12 ಗಂಟೆಗೆ ಇಸ್ತ್ರಿ ಹಾಕುವುದು ಯಾರು?" ಎಂದು ಕೇಳುತ್ತೀರಿ. ನ್ಯಾಯದ ಪ್ರಶ್ನೆ. ಕೂಲಿಗೆ ಹೋಗುವವರಿಗೆ ಹಗಲಿನ ಮನೆಗಳು ಖಾಲಿಯೇ. ಮನೆಯಲ್ಲಿ ಕೂತು ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಸರಿಸಬಹುದು. ಇಲ್ಲದವರು ಎಲ್ಲವನ್ನೂ ಸರಿಸಲು ಹೋಗಬೇಡಿ, ಮೋಟರೊಂದನ್ನು ಸರಿಸಿ. ಟ್ಯಾಂಕು ಇದ್ದರೆ ಬೆಳಿಗ್ಗೆ ಹೊರಡುವ ಮುಂಚೆ ನೀರು ತುಂಬಿಸಬಹುದು. ಇಸ್ತ್ರಿ ದಿನಾ ಅರ್ಧ ಗಂಟೆಯ ಬದಲು ಆದಿತ್ಯವಾರ ಹಗಲು ವಾರದ್ದೆಲ್ಲ ಒಟ್ಟಿಗೆ ಹಾಕಬಹುದು. ಪೆಟ್ಟಿಗೆ ದಿನಾ ಹೊಸದಾಗಿ ಬಿಸಿಯಾಗುವ ಖರ್ಚೂ ಉಳಿಯುತ್ತದೆ.

ಹೀಗೆ ಸರಿಸಿದರೆ ನಮಗೆ ಏನು ಲಾಭ? ನೇರವಾಗಿ ಹೇಳುತ್ತೇನೆ. ತಿಂಗಳಿಗೆ 141 ಯೂನಿಟ್ಟಿನ ಈ ಮನೆಗೆ ಬಿಲ್ಲಿನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಹಗಲಿನ ಯೂನಿಟ್ಟಿಗೂ ರಾತ್ರಿಯ ಯೂನಿಟ್ಟಿಗೂ ಅವರಿಗೆ ಒಂದೇ ದರ. ತಿಂಗಳಿಗೆ 250 ಯೂನಿಟ್ ಮೀರುವ ಮನೆಗಳಿಗೆ ಮಾತ್ರ 2025ರಿಂದ ಹೊತ್ತಿಗೆ ತಕ್ಕ ದರ ಬಂದಿದೆ. ಬೆಳಿಗ್ಗೆ 6ರಿಂದ ಸಂಜೆ 6 ಶೇಕಡಾ 10 ಕಡಿಮೆ, ಸಂಜೆ 6ರಿಂದ ರಾತ್ರಿ 10 ಶೇಕಡಾ 25 ಹೆಚ್ಚು.

ಆದರೆ ನಮಗೆ ಬೇರೆ ಲಾಭ ಉಂಟು. ಸಂಜೆ ವೋಲ್ಟೇಜು ಇಲ್ಲ ಎಂದು ದೂರುತ್ತೇವಲ್ಲ? ಒಂದು ಟ್ರಾನ್ಸ್‌ಫಾರ್ಮರಿಗೆ 60 ಮನೆ ಅಂತ ಇಟ್ಟುಕೊಳ್ಳೋಣ. 60 ಮೋಟರೂ ಆರೂವರೆಗೇ ಶುರುವಾದರೆ 60,000 ವ್ಯಾಟ್ ಒಮ್ಮೆಗೇ. ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ಕೊನೆಯ ಮನೆಗೆ ವೋಲ್ಟೇಜು ಬೀಳುತ್ತದೆ. ವೋಲ್ಟೇಜು ಬಿದ್ದಾಗ ಮೋಟರು ಅದೇ ನೀರು ಎತ್ತಲು ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಸುಟ್ಟ ವಾಸನೆ ಬರುತ್ತದೆ. ವೈಂಡಿಂಗ್ ಮಾಡಿಸಲು ಎಷ್ಟು ತೆಗೆದುಕೊಳ್ಳುತ್ತಾರೆಂದು ನಿಮಗೇ ಗೊತ್ತು. ಅದೇ 60 ಮನೆಯವರು ಮೂರು ಹೊತ್ತಿಗೆ ಹಂಚಿಕೊಂಡರೆ 20,000 ವ್ಯಾಟ್. ಕುಟುಂಬಶ್ರೀ ಸಭೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸಬಹುದಾದ ಮಾತಿದು.

ಫ್ರಿಜ್ಜುಗಳಿಗೆ ಇಂಥ ಸಭೆ ಬೇಡ. ಅವು ತಾವಾಗಿಯೇ ಹಂಚಿಕೊಂಡಿವೆ. ನಿಮ್ಮದು ಗುರ್ ಎನ್ನುವಾಗ ಪಕ್ಕದ ಮನೆಯದ್ದು ಸುಮ್ಮನಿರುತ್ತದೆ. ಹಾಗಾಗಿ ಒಂದು ಮನೆಯ ಕರೆಂಟು ಗುಡ್ಡದ ದಾರಿಯ ಹಾಗೆ ಏರಿಳಿದರೂ, ನೂರು ಮನೆಗಳದ್ದು ಕೂಡಿಸಿದಾಗ ಸಾಕಷ್ಟು ಸಪಾಟಾಗುತ್ತದೆ. ಸಪಾಟಾಗದೆ ಉಳಿಯುವುದು ಎಲ್ಲರೂ ಒಂದೇ ಹೊತ್ತಿಗೆ ಮಾಡುವ ಕೆಲಸಗಳದ್ದು ಮಾತ್ರ. ಸಂಜೆಯ ದೀಪ, ಟಿವಿ, ಮೋಟರು.

ಇನ್ನು ದುಡ್ಡಿನ ಮಾತು. ಮೊದಲು ಫ್ಯಾನು. ಈಗ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನು ಸಿಗುತ್ತದೆ. 75 ವ್ಯಾಟಿನ ಬದಲು 30 ವ್ಯಾಟಿನ ಆಸುಪಾಸು. ನಮ್ಮ ಮನೆಯ ಎರಡು ಫ್ಯಾನು ಬದಲಾಯಿಸಿದರೆ 17 ಬೀಜ 7 ಆಗುತ್ತದೆ. ದಿನಕ್ಕೆ 10 ಬೀಜ, ಅಂದರೆ ಒಂದು ಯೂನಿಟ್ ಉಳಿತಾಯ. ತಿಂಗಳಿಗೆ 30. ಈ ಮನೆಗೆ ಕೊನೆಯ ಯೂನಿಟ್ಟುಗಳ ದರ 5 ರೂಪಾಯಿಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ 150, 160 ರೂಪಾಯಿ ಉಳಿಯುತ್ತದೆ. ಎರಡು ಫ್ಯಾನಿಗೆ 5,500 ರೂಪಾಯಿ ಕೊಟ್ಟರೆ ಮೂರು ವರ್ಷದೊಳಗೆ ಹಣ ಬಂತು.

ಪ್ಯಾನೆಲ್? 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಎಂಬ ಯೋಜನೆ ಶುರು ಮಾಡಿತು. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಸಬ್ಸಿಡಿ ಕಳೆದು ನಮ್ಮ ಕೈಯಿಂದ 40,000 ಹೋಗುತ್ತದೆ ಅಂತ ಇಟ್ಟುಕೊಳ್ಳೋಣ. ವರ್ಷದ ಸರಾಸರಿಯಲ್ಲಿ ತಿಂಗಳಿಗೆ 100, 110 ಯೂನಿಟ್ ಬಂದರೆ ಈ ಮನೆಗೆ ಸುಮಾರು 500 ರೂಪಾಯಿ ಉಳಿದೀತು. 40,000ವನ್ನು 500ರಿಂದ ಭಾಗಿಸಿ. 80 ತಿಂಗಳು. ಆರು ವರ್ಷ ಎಂಟು ತಿಂಗಳು. ಸಾಲ ಮಾಡಿದರೆ ಬಡ್ಡಿ ಸೇರಿ ಇನ್ನೂ ಹೆಚ್ಚು. ಪ್ಯಾನೆಲಿಗೆ ಸಾಮಾನ್ಯವಾಗಿ 25 ವರ್ಷದ ಗ್ಯಾರಂಟಿ ಹೇಳುತ್ತಾರೆ, ಆದರೆ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹಾಗಾಗಿ ನಷ್ಟದ ವ್ಯಾಪಾರ ಅಲ್ಲ, ನಾಳೆಯೇ ಲಾಭವೂ ಅಲ್ಲ. ನನ್ನನ್ನು ಕೇಳಿದರೆ ಈ ಮನೆಯವರು ಮೊದಲು ಫ್ಯಾನು ಬದಲಾಯಿಸಬೇಕು. ಪ್ಯಾನೆಲ್ ಆಮೇಲೆ, ಅದೂ ಕೈಯಲ್ಲಿ ದುಡ್ಡಿದ್ದರೆ.

ಮಳೆಗಾಲದಲ್ಲಿ ಏನು ಎನ್ನುತ್ತೀರಾ? ನಮ್ಮಲ್ಲಿ ಜೂನ್, ಜುಲೈಯಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಕೆಂಪು ಬೀಜ ತುಂಬ ಕಡಿಮೆಯಾಗುತ್ತದೆ. ಆದರೆ ಫ್ಯಾನೂ ಕಡಿಮೆ, ಬಾವಿಯಲ್ಲಿ ನೀರು ಮೇಲೆಯೇ ಇರುವುದರಿಂದ ಮೋಟರೂ ಕಡಿಮೆ. ಬೇಸಿಗೆಯಲ್ಲಿ ಎರಡೂ ಹೆಚ್ಚು. ಈ ಒಂದು ವಿಷಯದಲ್ಲಿ ಸೂರ್ಯನಿಗೂ ನಮಗೂ ಹೊಂದಾಣಿಕೆ ಉಂಟು. ಹಾಗಾಗಿ ಏಪ್ರಿಲಿಗೊಂದು ಚೌಕ, ಜುಲೈಗೊಂದು ಚೌಕ, ಎರಡು ಬರೆಯಬೇಕು. ಏಪ್ರಿಲಿನ 40 ಬೀಜವನ್ನೇ 12 ತಿಂಗಳಿಗೆ ಗುಣಿಸಿ ತೋರಿಸುವ ಕೊಟೇಷನ್ ಬಂದರೆ, ಜುಲೈ ಎಲ್ಲಿದೆ ಎಂದು ಕೇಳಿ.

ಎಸಿ ಇರುವ ಮನೆ, ಇಂಡಕ್ಷನ್ ಒಲೆಯ ಮನೆ, ಇವರ ಕಥೆ ಬೇರೆ. ಕೇರಳದ ದರದಲ್ಲಿ ಒಂದು ಗಡಿ ಉಂಟು, ತಿಂಗಳಿಗೆ 250 ಯೂನಿಟ್, ಎರಡು ತಿಂಗಳ ಬಿಲ್ಲಿನಲ್ಲಿ 500. ಅದರ ಒಳಗೆ ಇರುವಷ್ಟು ಹೊತ್ತು ಮೆಟ್ಟಿಲಿನ ಲೆಕ್ಕ. ಮೊದಲ 50ಕ್ಕೆ ಕಡಿಮೆ ದರ, ಮುಂದಿನ 50ಕ್ಕೆ ಸ್ವಲ್ಪ ಹೆಚ್ಚು, ಹೀಗೆ. ಗಡಿ ದಾಟಿದರೆ ಮೆಟ್ಟಿಲೇ ಮಾಯ. ಮೊದಲ ಯೂನಿಟ್ಟಿನಿಂದ ಕೊನೆಯ ಯೂನಿಟ್ಟಿನವರೆಗೂ ಒಂದೇ ದೊಡ್ಡ ದರ. 2025ರ ಏಪ್ರಿಲಿನಿಂದ ಬಂದ ದರದಲ್ಲಿ ನಾನು ಗುಣಿಸಿ ನೋಡಿದೆ. 500 ಯೂನಿಟ್ಟಿನ ಬಿಲ್ಲಿಗೂ 501 ಯೂನಿಟ್ಟಿನ ಬಿಲ್ಲಿಗೂ ವ್ಯತ್ಯಾಸ 500 ರೂಪಾಯಿಯ ಆಸುಪಾಸು. ಒಂದೇ ಒಂದು ಯೂನಿಟ್! 10 ಹುಣಸೆ ಬೀಜ! ಗಡಿಯ ಹತ್ತಿರ ಇರುವ ಮನೆಯವರಿಗೆ ಎರಡು ಫ್ಯಾನು ಬದಲಾಯಿಸುವುದೇ ದೊಡ್ಡ ಲಾಭ. ಗಡಿ ತುಂಬ ದಾಟಿದವರಿಗೆ ಪ್ಯಾನೆಲ್ ಬೇಗ ಹಣ ತಂದುಕೊಡುತ್ತದೆ. ಒಂದೇ ಪ್ಯಾನೆಲ್, ಒಂದೇ ಬಿಸಿಲು, ಆದರೆ ಪಕ್ಕದ ಮನೆಗೆ ಮೂರು ವರ್ಷದಲ್ಲಿ ಬಂದ ಹಣ ನಿಮಗೆ ಏಳು ವರ್ಷವಾದರೂ ಬರದಿರಬಹುದು. ಅವರು ಹಾಕಿದರೆಂದು ನೀವು ಹಾಕಬೇಡಿ. ನಿಮ್ಮ ಚೌಕ ನೋಡಿ.

ಕೊನೆಗೆ, ನಿಮ್ಮ ಚೌಕ ಸರಿಯೇ ಎಂದು ತಿಳಿಯುವುದು ಹೇಗೆ? ಮೀಟರನ್ನು ಕೇಳಬೇಕು. ಒಂದು ವಾರ ದಿನಾ ಬೆಳಿಗ್ಗೆ 6ಕ್ಕೆ ಒಮ್ಮೆ, ಸಂಜೆ 6ಕ್ಕೆ ಒಮ್ಮೆ ರೀಡಿಂಗ್ ಬರೆಯಿರಿ. ಹಗಲಿನದ್ದು ಬೇರೆ, ರಾತ್ರಿಯದ್ದು ಬೇರೆ ಕಳೆಯಿರಿ. ನಿಮ್ಮ ಬೀಜ 4.7 ಹೇಳಿ ಮೀಟರ್ 4.9 ಹೇಳಿದರೆ ಚಿಂತೆಯಿಲ್ಲ. ಮೀಟರ್ 5.8 ಹೇಳಿದರೆ ಯಾವುದೋ ಒಂದು ವಸ್ತುವನ್ನು ಬಿಟ್ಟಿದ್ದೀರಿ. ಟಿವಿಯ ಸೆಟ್ ಟಾಪ್ ಬಾಕ್ಸ್ ದಿನವಿಡೀ ಉರಿಯುತ್ತಿರಬಹುದು. 10 ವ್ಯಾಟಾದರೂ 24 ಗಂಟೆಗೆ 2 ಬೀಜ ದಾಟುತ್ತದೆ. ಫ್ರಿಜ್ಜಿನ ಬಾಗಿಲಿನ ರಬ್ಬರು ಸಡಿಲವಾಗಿರಬಹುದು. ಇನ್ನೊಂದು ಪರೀಕ್ಷೆ: ಮನೆಯ ಎಲ್ಲ ಸ್ವಿಚ್ಚನ್ನೂ ಆರಿಸಿ, ಫ್ರಿಜ್ಜಿನದ್ದನ್ನೂ. ಆಮೇಲೆ ಮೀಟರಿನ ಮಿಣುಕುವ ಸಣ್ಣ ಕೆಂಪು ದೀಪ ನೋಡಿ. ಕರೆಂಟು ಹೋಗುತ್ತಿದ್ದರೆ ಅದು ಮಿಣುಕುತ್ತದೆ. ಎಲ್ಲ ಆರಿಸಿ ಕಾಲು ಗಂಟೆಯಾದರೂ ಬಿಟ್ಟು ಬಿಟ್ಟು ಮಿಣುಕುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ನೀವು ಮುಟ್ಟಬೇಡಿ, ಲೈಸೆನ್ಸ್ ಇರುವ ವಯರ್‌ಮ್ಯಾನನ್ನು ಕರೆಯಿರಿ.

ಬರುವ ಆದಿತ್ಯವಾರ ಎಲ್ಲರೂ ಏಳು ದಿನದ ರೀಡಿಂಗ್ ಬರೆದು ತನ್ನಿ. ಮನೆಯಲ್ಲಿರುವ ವಸ್ತುಗಳ ವ್ಯಾಟ್ ಕೂಡ ಬರೆಯಿರಿ, ಅಂಕೆ ಸಾಕು. ಯಾರಿಗಾದರೂ ಸೋಲಾರಿನ ಕೊಟೇಷನ್ ಬಂದಿದ್ದರೆ ಆ ಕಾಗದವನ್ನೂ ತನ್ನಿ, ಒಟ್ಟಿಗೆ ಓದೋಣ. ಹುಣಸೆ ಬೀಜ ನಾನು ತರುತ್ತೇನೆ. ಕೆಂಪು ಬೀಜ ಸಾಲುವುದಿಲ್ಲ, ಚೆನ್ನೆಮಣೆ ಇರುವವರು ತೆಗೆದುಕೊಂಡು ಬನ್ನಿ.